ತಗಡೂರಿನ ಬಸ್ಸು, ಮೊದಲ ಮೆಟ್ಟಿಲು

ಈ ಪಾಠ ನಮ್ಮ ಸಿಲಬಸ್ಸಿನಲ್ಲಿ ಇಲ್ಲ, ಆದರೆ ಲೆಕ್ಕ ನಮಗೆ ಗೊತ್ತಿರೋದೇ. ವೀಲ್‌ಚೇರ್ ಹೋಗುವ ಇಳಿಜಾರು 1:12 ಇರಬೇಕು ಅಂತ ನಮ್ಮ ದೇಶದ ಮಾರ್ಗಸೂಚಿ ಹೇಳುತ್ತೆ. ಅಂದ್ರೆ ಒಂದಡಿ ಮೇಲೇರೋಕೆ ಹನ್ನೆರಡಡಿ ಉದ್ದ ಬೇಕು. ಈಗ ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿ ಬಸ್ಸಿಗೆ ಕಾಯ್ತಿದ್ದೇವೆ ಅಂದುಕೊಳ್ಳಿ. ಹಳ್ಳಿಗಳ ಕಡೆ ಓಡಾಡುವ ಕೆಂಪು ಬಸ್ಸಿನ ಒಳನೆಲ ರಸ್ತೆಯಿಂದ ಸುಮಾರು ಒಂದು ಮೀಟರ್ ಎತ್ತರ. ಅದಕ್ಕೆ ಇಳಿಜಾರು ಹಾಕೋಕೆ ಹೋದರೆ 12 ಮೀಟರ್ ಆಗುತ್ತೆ. ಬಸ್ಸಿನ ಉದ್ದವೇ ಹೆಚ್ಚೂಕಡಿಮೆ ಅಷ್ಟು! "ಒಂದು ರ‍್ಯಾಂಪ್ ಹಾಕಿದ್ರೆ ಆಯ್ತಲ್ಲ" ಅನ್ನೋ ಮಾತು ಇಲ್ಲಿಗೇ ನಿಂತುಹೋಗುತ್ತೆ.

ಇದು ವೀಲ್‌ಚೇರ್‌ನವರ ಪ್ರಶ್ನೆ ಮಾತ್ರ ಅಲ್ಲ. ಮಂಡಿನೋವಿನ ಅಜ್ಜಿ, ಊರುಗೋಲು ಹಿಡಿದವರು, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿ, ಎಲ್ಲರೂ ಆ ಮೊದಲ ಮೆಟ್ಟಿಲಿನ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. ಹಿಂದಿನವರು "ಬೇಗ ಹತ್ತಿ" ಅಂತಾರೆ.

ಕಾನೂನು ಏನು ಹೇಳುತ್ತೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇದ್ದವು, ಇದರಲ್ಲಿ 21. ಇದರ 41ನೇ ಕಲಂ ಸಾರಿಗೆಯದ್ದು. ಬಸ್ ನಿಲ್ದಾಣ, ವಾಹನ, ರಸ್ತೆ, ಮೂರನ್ನೂ ಅದು ಹೆಸರಿಸುತ್ತೆ. ಆದರೆ ಹಳೇ ವಾಹನಗಳನ್ನು ಮಾರ್ಪಡಿಸುವ ಮಾತು ಬಂದಾಗ ಒಂದು ಬಾಲ ಇದೆ: ತಾಂತ್ರಿಕವಾಗಿ ಸಾಧ್ಯವಿದ್ದು, ಸುರಕ್ಷಿತವಾಗಿದ್ದು, ಖರ್ಚಿಗೆ ಹೊಂದುವಂತಿದ್ದು, ವಿನ್ಯಾಸ ದೊಡ್ಡದಾಗಿ ಬದಲಾಗದಿದ್ದರೆ ಮಾತ್ರ. ಇಷ್ಟು "ಇದ್ದರೆ"ಗಳು ಸೇರಿದರೆ ಏನೂ ಮಾಡದೆ ಇರೋಕೆ ಸಾಕಷ್ಟು ಜಾಗ ಸಿಗುತ್ತೆ, ಅಂತ ನಮಗನಿಸುತ್ತೆ.

ಇದೇ ವಿಷಯ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೂ ಹೋಯ್ತು. 2024ರ ನವೆಂಬರ್ 8ರ ತೀರ್ಪಿನ ಸಾರ ಹೀಗೆ: ಸುಗಮ್ಯತೆಯ ನಿಯಮಗಳು ಬರೀ ಶಿಫಾರಸಿನಂತೆ ಇದ್ದರೆ ಅದು ಕಾಯ್ದೆಗೇ ವಿರುದ್ಧ. ಕಡ್ಡಾಯವಾದ ಕನಿಷ್ಠ ನಿಯಮಗಳನ್ನು ಬೇರೆಯಾಗಿ ರೂಪಿಸಿ ಅಂತ ಸರ್ಕಾರಕ್ಕೆ 3 ತಿಂಗಳು ಕೊಟ್ಟರು. ಕನ್ನಡ ಕ್ಲಬ್ಬಿನವರಿಗೆ ಇದನ್ನು ಸುಲಭವಾಗಿ ಹೇಳಬಹುದು: "ಮಾಡಬಹುದು" ಅನ್ನೋದಕ್ಕೂ "ಮಾಡತಕ್ಕದ್ದು" ಅನ್ನೋದಕ್ಕೂ ಇರುವ ವ್ಯತ್ಯಾಸ ಅದು. ಪಾಲಿಸಿ ಕೆಲಸದಲ್ಲಿ ಅರ್ಧ ಜಗಳ ಇಂಥ ಕ್ರಿಯಾಪದಗಳ ಮೇಲೇ ನಡೆಯುತ್ತೆ.

ನಮ್ಮ ರಾಜ್ಯದಲ್ಲಿ ಟಿಕೆಟ್ಟಿನ ಕಡೆ ಕೆಲಸ ಚೆನ್ನಾಗೇ ಆಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸುಗಳು ಉಚಿತ. ವಿಕಲಚೇತನರಿಗೆ ಕೆಎಸ್ಆರ್‌ಟಿಸಿಯ ರಿಯಾಯಿತಿ ಪಾಸ್ ಇದೆ, ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ತಗಡೂರಿನವರಿಗೆ ನಂಜನಗೂಡು, ಟಿ. ನರಸೀಪುರ, ಮೈಸೂರು ಎಲ್ಲಾ ಅದರೊಳಗೇ ಬರುತ್ತೆ. ಆದರೆ ಪಾಸ್ ಬೇಕಾದರೆ ವೈಕಲ್ಯದ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಆಸ್ಪತ್ರೆಗೆ ಹೋಗೋದು ಅದೇ ಬಸ್ಸಿನಲ್ಲಿ. ದುಡ್ಡಿನ ಅಡ್ಡಿ ತೆಗೆದರೂ ಎತ್ತರದ ಅಡ್ಡಿ ಹಾಗೇ ಉಳಿದಿದೆ.

ಹಾಗಾದರೆ ಲೋ-ಫ್ಲೋರ್ ಬಸ್ ತರಬಾರದಾ? ಬೆಂಗಳೂರು, ಮೈಸೂರಿನಲ್ಲಿ ನಾವು ನೋಡಿರುವ ವೋಲ್ವೊ ಸಿಟಿ ಬಸ್ಸಿನ ನೆಲ ಸುಮಾರು 400 ಮಿಲಿಮೀಟರ್. ಚೆನ್ನೈನಲ್ಲಿ ಇಂಥದ್ದೇ ಬಸ್ ಕೊಳ್ಳಬೇಕು ಅಂತ ವಿಕಲಚೇತನರ ಪರವಾಗಿ ಮದ್ರಾಸ್ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ರಸ್ತೆ ಸರಿಯಿಲ್ಲ, ಮಳೆನೀರು ನಿಲ್ಲುತ್ತೆ ಅಂತ ಸರ್ಕಾರದ ಕಡೆಯವರು ಹೇಳಿದರು. ಕೊನೆಗೆ 2024ರ ಆಗಸ್ಟಿನಲ್ಲಿ ಅಲ್ಲಿ ಹೊಸ ಲೋ-ಫ್ಲೋರ್ ಬಸ್ಸುಗಳು ರಸ್ತೆಗಿಳಿದವು. ನಗರದಲ್ಲಿ ಆ ವಾದ ನಮಗೆ ನೆಪದಂತೆ ಕಾಣುತ್ತೆ. ಹಳ್ಳಿಯಲ್ಲಿ ಅಷ್ಟು ಸುಲಭವಾಗಿ ತಳ್ಳಿಹಾಕೋಕಾಗಲ್ಲ: ಹಂಪು, ಗುಂಡಿ, ಮಣ್ಣಿನ ಅಂಚು ಎಲ್ಲಾ ನಿಜ. ಹಾಗಾಗಿ ಎತ್ತರದ ಬಸ್ಸಿಗೆ ವೀಲ್‌ಚೇರ್ ಎತ್ತುವ ಲಿಫ್ಟ್ ಬೇಕು, ಅದನ್ನು ಟೆಂಡರಿನಲ್ಲೇ ಬರೆಯಬೇಕು. 2020ರ ಮಾರ್ಚ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ ಬಸ್ಸುಗಳಲ್ಲಿ ಆದ್ಯತೆಯ ಸೀಟು, ಹಿಡಿಕಂಬಿ, ಊರುಗೋಲು ಇಡುವ ಜಾಗ, ವೀಲ್‌ಚೇರ್ ಹತ್ತಿಸಿ ಭದ್ರವಾಗಿ ನಿಲ್ಲಿಸುವ ವ್ಯವಸ್ಥೆ ಇವನ್ನು ಹೇಳುತ್ತೆ. ಬಸ್ ಡೆಲಿವರಿ ಆದಮೇಲೆ ಕೇಳಿದರೆ ತಡವಾಯಿತು.

ಇನ್ನು ನಿಲ್ದಾಣ. ಇಲ್ಲೇ ವಿಷಯ ಸಿಕ್ಕಾಗೋದು. ಬಸ್ಸು ಸಾರಿಗೆ ನಿಗಮದ್ದು, ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ಪಂಚಾಯಿತಿಯದ್ದೋ, ತಂಗುದಾಣವನ್ನು ಇನ್ಯಾರೋ ಕಟ್ಟಿಸಿರುತ್ತಾರೆ, ವಿಕಲಚೇತನರ ಇಲಾಖೆ ಬೇರೆ. ನಗರಗಳಿಗಾದರೆ ನಗರ ಭೂಸಾರಿಗೆ ನಿರ್ದೇಶನಾಲಯ ಅಂತ ಒಂದಿದೆ, ಹೆಸರಲ್ಲೇ ನಗರ. ಹಳ್ಳಿಯಲ್ಲಿ ಇವರನ್ನೆಲ್ಲ ಒಂದೇ ಮೇಜಿನ ಮುಂದೆ ಕೂರಿಸೋರು ಯಾರು?

ಒಂದು ದಾರಿ ಗ್ರಾಮ ಪಂಚಾಯಿತಿ. ಅದರ ಸ್ವಂತ ಆದಾಯದಲ್ಲಿ ಶೇ. 5 ವಿಕಲಚೇತನರಿಗೆ ಮೀಸಲು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಯಾರ ಮನೆಯಲ್ಲಿ ಯಾರಿಗೆ ಏನು ಬೇಕು ಅನ್ನೋದು ಯಾವ ಕನ್ಸಲ್ಟೆಂಟಿಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು. ತಗಡೂರಿನಂಥ ಊರಿನ ನಿಲ್ದಾಣದಲ್ಲಿ 200 ಮಿಲಿಮೀಟರ್ ಎತ್ತರದ ಕಟ್ಟೆ ಕಟ್ಟಿದರೆ, 400 ಮಿಲಿಮೀಟರ್ ಎತ್ತರದ ಮೊದಲ ಮೆಟ್ಟಿಲು ಅರ್ಧಕ್ಕೆ ಇಳಿಯುತ್ತೆ. ಕಟ್ಟೆ ಹತ್ತೋಕೆ 1:12ರ ಪ್ರಕಾರ ಬೇಕಾದ ಇಳಿಜಾರು 2.4 ಮೀಟರ್ ಮಾತ್ರ. ಸಿವಿಲ್‌ನವರು ಒಂದು ಮಧ್ಯಾಹ್ನದಲ್ಲಿ ಡ್ರಾಯಿಂಗ್ ಮಾಡಿಬಿಡಬಹುದು. ಇದರಿಂದ ವೀಲ್‌ಚೇರ್‌ನವರಿಗೆ ಪೂರ್ತಿ ಪರಿಹಾರ ಸಿಗಲ್ಲ, ಲಿಫ್ಟ್ ಬೇಕೇ ಬೇಕು. ಅಜ್ಜಿಗೆ, ಊರುಗೋಲಿನವರಿಗೆ ಮಾತ್ರ ನಾಳೆಯಿಂದಲೇ ವ್ಯತ್ಯಾಸ ಗೊತ್ತಾಗುತ್ತೆ.

ಆದರೆ ಡ್ರೈವರ್ ಬಸ್ಸನ್ನು ಕಟ್ಟೆಯಿಂದ ಎರಡಡಿ ದೂರ ನಿಲ್ಲಿಸಿದರೆ ಜನ ಮತ್ತೆ ರಸ್ತೆಗೆ ಇಳಿದೇ ಹತ್ತಬೇಕು. ಆದ್ದರಿಂದ ಡ್ರಾಯಿಂಗ್ ಜೊತೆಗೆ ಡಿಪೊಗೆ ಒಂದು ಪತ್ರವೂ ಹೋಗಬೇಕು: ಬಸ್ಸು ಕಟ್ಟೆಗೆ ಒತ್ತಿ ನಿಲ್ಲಲಿ, ಎಲ್ಲರೂ ಹತ್ತುವ ತನಕ ಕಂಡಕ್ಟರ್ ಸೀಟಿ ಊದದೆ ಇರಲಿ ಅಂತ.