ಮುನ್ನೂರು ಡಬ್ಬಿ, ಬಿಲ್ಲಿಗೆ ಆರು

‘ಎರಡು ಕೊಂಡರೆ ಒಂದು ಉಚಿತ’ ಎಂದು ಬೋರ್ಡು ಬರೆಸುವಾಗ ಅಂಗಡಿಯವರ ಮನಸ್ಸಿನಲ್ಲಿರುವುದು ಮೂರು ಡಬ್ಬಿ ಕೊಳ್ಳುವ ಗಿರಾಕಿ. ಮುನ್ನೂರು ಬೇಕು ಎನ್ನುವವರು ಬಂದು ನಿಂತರೆ ಅವರ ಲೆಕ್ಕವೇ ಬೇರೆಯಾಗುತ್ತದೆ. ನಮ್ಮ ಲೆಕ್ಕ ಮಾತ್ರ ಅದೇ ಬೋರ್ಡನ್ನು ನಂಬಿಕೊಂಡಿರುತ್ತದೆ. ಮದುವೆ, ಗೃಹಪ್ರವೇಶದ ಕಾಲದಲ್ಲಿ ಅಂಗಡಿ ಕೌಂಟರಿನ ಮುಂದೆ ಏಳುವ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ.

ನಮ್ಮ ಮೈದುನನ ಮಗಳ ಮದುವೆಗೆ ತಾಂಬೂಲದ ಜೊತೆ ಕೊಡಲು ಸ್ಟೀಲ್ ಡಬ್ಬಿ ಬೇಕಿತ್ತು. ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ದೊಡ್ಡ ಅಂಗಡಿಯೊಂದರಲ್ಲಿ ಮುಚ್ಚಳದ ಮೇಲೆ ಕೆತ್ತನೆ ಇರುವ ಡಬ್ಬಿ ಸಿಕ್ಕಿತು. ಎಂಆರ್‌ಪಿ 240 ರೂಪಾಯಿ. ಆಫರ್ ಹಿಡಿದರೆ ಒಂದಕ್ಕೆ 160 ಬೀಳುತ್ತದೆ. ಮುನ್ನೂರಕ್ಕೆ 48,000, ಆಫರ್ ಇಲ್ಲದಿದ್ದರೆ 72,000. ಮ್ಯಾನೇಜರ್ ಖುಷಿಯಿಂದಲೇ ಆರ್ಡರ್ ಫಾರಂ ತುಂಬಿ, 15,000 ಅಡ್ವಾನ್ಸ್ ತೆಗೆದುಕೊಂಡು, ಸೀಲು ಹಾಕಿ ಕೊಟ್ಟರು. ಮದುವೆ ಹತ್ತಿರ ಬಂದಾಗ ಫೋನ್ ಬಂತು.

“ಮೇಡಂ, ಸ್ಟಾಕ್ ಬಂದಿದೆ. ಆದ್ರೆ ಆಫರ್‌ನ ಸಿಸ್ಟಂ ತಗೊಳ್ತಿಲ್ಲ. ಒಂದ್ ಬಿಲ್ಲಿಗೆ ಆರೇ ಪೀಸು.”

ಅದಕ್ಕೊಂದು ಪರಿಹಾರವನ್ನೂ ಅವರೇ ಹೇಳಿದರು. ಐವತ್ತು ಬಿಲ್ಲು ಮಾಡೋಣ, ಒಂದೊಂದಕ್ಕೆ ಒಂದೊಂದು ಮೊಬೈಲ್ ನಂಬರ್ ಕೊಡಿ, ಮದುವೆಗೆ ಬರೋರ ನಂಬರೆಲ್ಲ ನಿಮ್ಮ ಹತ್ರ ಇರುತ್ತಲ್ಲ ಅಂತ. ಪಕ್ಕದಲ್ಲಿದ್ದ ನನ್ನ ಓರಗಿತ್ತಿ, “ಹಂಗಾದ್ರೆ ಮದುವೇನೂ ಅಂಗಡೀಲೇ ಮಾಡ್ಬಿಡೋಣ ಬಿಡಕ್ಕ, ಛತ್ರದ ಬಾಡಿಗೆ ಉಳಿಯುತ್ತೆ” ಅಂದಳು.

ನಾನು ಒಪ್ಪಲಿಲ್ಲ. ನೆಂಟರ ನಂಬರುಗಳನ್ನು ಡಬ್ಬಿಗಾಗಿ ಹಂಚುವುದು ಸರಿಯಲ್ಲ ಎಂಬುದು ಒಂದು ಕಾರಣ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕೆಂದು ಪಟ್ಟು ಹಿಡಿಯಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ 2023ರಲ್ಲಿ ಅಂಗಡಿಗಳಿಗೆ ತಿಳಿಸಿದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ: ಒಂದು ಆರ್ಡರನ್ನು ಐವತ್ತು ಬಿಲ್ಲಾಗಿ ಒಡೆದರೆ, ನಾಳೆ ನಲವತ್ತು ಡಬ್ಬಿಯ ಮುಚ್ಚಳ ಕೂರದೆ ಹೋದಾಗ ಯಾವ ಬಿಲ್ಲನ್ನು ಹಿಡಿದು ಯಾರ ಹೆಸರಿನಲ್ಲಿ ಕೇಳುವುದು?

ಅಂಗಡಿಯವರ ಪಾಡನ್ನೂ ಹೇಳಬೇಕು. ಇಂಥ ಆಫರ್‌ಗಳಲ್ಲಿ ಉಚಿತ ಪೀಸಿನ ಖರ್ಚನ್ನು ಎಷ್ಟೋ ಸಲ ಹೊರುವುದು ಅಂಗಡಿಯಲ್ಲ, ಮಾಲು ತಯಾರಿಸುವ ಕಂಪನಿ ಅಥವಾ ಡಿಸ್ಟ್ರಿಬ್ಯೂಟರ್. ಅವರು ಸ್ಕೀಮಿಗೆ ಇಷ್ಟೇ ಪೀಸು ಎಂದು ಮಿತಿ ಹಾಕಿರುತ್ತಾರೆ. ಒಬ್ಬನೇ ಬಂದು ಆಫರ್ ಮಾಲನ್ನೆಲ್ಲ ಬಾಚಿಕೊಂಡು ಹೋಗಿ ತನ್ನ ಅಂಗಡಿಯಲ್ಲಿ ಎಂಆರ್‌ಪಿಗೆ ಮಾರುವುದೂ ಸುಳ್ಳಲ್ಲ, ಆ ಭಯಕ್ಕೇ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಬೀಗ ಹಾಕಿರುತ್ತಾರೆ. ಬ್ರಾಂಚ್ ಮ್ಯಾನೇಜರಿಗೆ ತಿಂಗಳ ಟಾರ್ಗೆಟ್ ತಲೆ ಮೇಲಿರುತ್ತದೆ, ಆರ್ಡರ್ ಹಿಡಿದುಬಿಡುತ್ತಾರೆ. ರಿಯಾಯಿತಿ ಕೊಡುವ ಅಧಿಕಾರ ಮಾತ್ರ ಹೆಡ್ ಆಫೀಸಿನದು. ಇದರಲ್ಲಿ ಮೋಸಕ್ಕಿಂತ ಅವ್ಯವಸ್ಥೆಯೇ ಹೆಚ್ಚು. ಹಾಗೆಂದು ಅವರ ಕಂಪ್ಯೂಟರಿನ ಒಳಗಿದ್ದ ಮಿತಿಗೆ ನಾವು 24,000 ರೂಪಾಯಿ ದಂಡ ಕಟ್ಟಬೇಕೆ?

ಕಾನೂನು ಇಲ್ಲಿ ಅರ್ಧ ನಮ್ಮ ಕಡೆ, ಅರ್ಧ ಅವರ ಕಡೆ. 1872ರ ಕರಾರು ಕಾಯ್ದೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಬೋರ್ಡು, ಪಾಂಪ್ಲೆಟ್ಟು ಎಲ್ಲವೂ ‘ಬನ್ನಿ, ವ್ಯಾಪಾರ ಮಾಡೋಣ’ ಎಂಬ ಕರೆ ಮಾತ್ರ. ಬೋರ್ಡು ನೋಡಿ ಬಂದವರಿಗೆಲ್ಲ ಕೇಳಿದಷ್ಟು ಕೊಡಲೇಬೇಕು ಎಂದೇನಿಲ್ಲ. ಆರಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರೆ ನಾನು ಸುಮ್ಮನೆ ಎದ್ದು ಬರಬೇಕಿತ್ತು. ಆದರೆ ಸಂಖ್ಯೆ, ದರ ಬರೆದು ಅಡ್ವಾನ್ಸ್ ತೆಗೆದುಕೊಂಡ ಕ್ಷಣಕ್ಕೆ ಅದು ಕರೆಯಲ್ಲ, ಕರಾರು. ಆಮೇಲೆ ಹೊಸ ಷರತ್ತು ತರುವಂತಿಲ್ಲ.

ಬೋರ್ಡು ಹಾಕಿದವರಿಗೂ ಕಟ್ಟುಪಾಡು ಇದೆ. ರಿಯಾಯಿತಿ ದರದ ಜಾಹೀರಾತು ಕೊಟ್ಟು, ಆ ದರಕ್ಕೆ ತಕ್ಕಷ್ಟು ಮಾಲು ಕೊಡುವ ಉದ್ದೇಶವೇ ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. 2022ರ ಜೂನ್‌ನಲ್ಲಿ ಬಂದ ಜಾಹೀರಾತು ಮಾರ್ಗಸೂಚಿಯಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ: ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ನಮ್ಮ ಊರಿನ ಪಾಂಪ್ಲೆಟ್ಟುಗಳನ್ನು ನೆನಪಿಸಿಕೊಳ್ಳಿ. ‘ಉಚಿತ’ ಎಂಬುದು ಅಂಗೈ ಅಗಲದ ಕನ್ನಡದಲ್ಲಿ, ಷರತ್ತು ಕೆಳಗೆ ನಕ್ಷತ್ರದ ಪಕ್ಕ ಸಾಸಿವೆ ಕಾಳಿನಷ್ಟು ಇಂಗ್ಲಿಷಿನಲ್ಲಿ. ನಮ್ಮ ಪಾಂಪ್ಲೆಟ್ಟಿನಲ್ಲಿ ಬಿಲ್ಲಿಗೆ ಆರು ಎಂಬ ಮಾತು ಯಾವ ಭಾಷೆಯಲ್ಲೂ ಇರಲಿಲ್ಲ.

“ಇಷ್ಟೊಂದು ತಗೊಂಡ್ರೆ ನೀವು ಕಸ್ಟಮರ್ ಅಲ್ಲ ಮೇಡಂ, ಪಾರ್ಟಿ” ಎಂದು ಮ್ಯಾನೇಜರ್ ಒಂದು ಮಾತು ಎಸೆದರು. ತುಂಬ ಜನ ಈ ಮಾತಿಗೆ ಹೆದರಿ ಹಿಂದೆ ಸರಿಯುತ್ತಾರೆ. ಕಾಯ್ದೆ ಹೊರಗಿಡುವುದು ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು, ಹೆಚ್ಚು ಕೊಂಡವರನ್ನಲ್ಲ. ಮುಂಬೈನ ಲೀಲಾವತಿ ಆಸ್ಪತ್ರೆಯ ಟ್ರಸ್ಟು ನರ್ಸುಗಳ ವಾಸಕ್ಕೆಂದು 29 ಫ್ಲ್ಯಾಟು ಕೊಂಡಿತ್ತು. ಅಂಥ ಟ್ರಸ್ಟು ಕೂಡ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಆ ಕೊಳ್ಳುವಿಕೆಗೂ ಲಾಭ ಗಳಿಸುವ ಚಟುವಟಿಕೆಗೂ ನೇರ ಸಂಬಂಧ ಇದೆಯೇ ಎಂಬುದು ಅಲ್ಲಿ ಮುಖ್ಯವಾಯಿತು. 29 ಫ್ಲ್ಯಾಟಿಗೆ ಅನ್ವಯಿಸಿದ್ದು ಮುನ್ನೂರು ತಾಂಬೂಲದ ಡಬ್ಬಿಗೆ ಅನ್ವಯಿಸದೆ ಇರುತ್ತದೆಯೆ? ಒಂದು ಎಚ್ಚರ ಮಾತ್ರ ಇರಲಿ. ತೆರಿಗೆ ಉಳಿಯಲಿ ಎಂದು ಮನೆಯವರ ವ್ಯಾಪಾರದ ಜಿಎಸ್‌ಟಿ ನಂಬರನ್ನು ಇಂಥ ಬಿಲ್ಲಿಗೆ ಹಾಕಿಸಬೇಡಿ. ಅದು ವ್ಯಾಪಾರಕ್ಕೇ ಕೊಂಡದ್ದು ಎಂಬ ವಾದಕ್ಕೆ ನೀವೇ ದಾಖಲೆ ಬರೆದುಕೊಟ್ಟಂತೆ.

ಕೊನೆಗೆ ಕೆಲಸಕ್ಕೆ ಬಂದದ್ದು ಆ ಸೀಲು ಹಾಕಿದ ಆರ್ಡರ್ ಫಾರಂ. ‘300 ಪೀಸ್, 2+1, ಒಟ್ಟು 48,000, ಅಡ್ವಾನ್ಸ್ 15,000’ ಎಂದು ಅದರಲ್ಲಿ ಮ್ಯಾನೇಜರ ಕೈಬರಹವೇ ಇತ್ತು. ಅದರ ಫೋಟೊ, ಪಾಂಪ್ಲೆಟ್ಟಿನ ಫೋಟೊ, ಹಣ ಹೋದ ಯುಪಿಐ ದಾಖಲೆ ಮೂರನ್ನೂ ಸೇರಿಸಿ ಅಂಗಡಿಯ ಹೆಡ್ ಆಫೀಸಿಗೆ ಮೇಲ್ ಮಾಡಿದೆ. ಇಂಥ ತಾರೀಖಿನೊಳಗೆ ಮಾಲು ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಎಂದೂ ಬರೆದೆ. ಕೂಗಾಟದ ಒಂದು ಪದವೂ ಅದರಲ್ಲಿರಲಿಲ್ಲ. ಏರಿಯಾ ಮ್ಯಾನೇಜರ್ ಫೋನ್ ಮಾಡಿದರು, 48,000ಕ್ಕೇ ಕೊಟ್ಟರು. ಆದರೆ ಕೆತ್ತನೆಯ ಮುಚ್ಚಳ ಸಾಲದೆ ನೂರರಷ್ಟು ಡಬ್ಬಿ ಸಾದಾ ಮುಚ್ಚಳದವು ಬಂದವು. ಓರಗಿತ್ತಿ ಮುಖ ಗಂಟಿಕ್ಕಿದಳು. ಕೆತ್ತನೆಯದೆಲ್ಲ ಗಂಡಿನ ಕಡೆಯವರಿಗೆ, ಸಾದಾ ನಮ್ಮವರಿಗೆ ಎಂದು ತೀರ್ಮಾನವಾಯಿತು.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ ಇದು: ಸಗಟಾಗಿ ಕೊಳ್ಳುವವರು ಆಫರ್ ಬೋರ್ಡಿನ ತಂಟೆಗೇ ಹೋಗಬಾರದು. ನಂತರ ಇನ್ನೊಂದು ಸಮಾರಂಭಕ್ಕೆಂದು ಚಿಕ್ಕಪೇಟೆಯಲ್ಲಿ ವಿಚಾರಿಸಿದಾಗ ಅದೇ ಅಳತೆಯ, ಹೆಚ್ಚುಕಡಿಮೆ ಅದೇ ಗೇಜಿನ ಡಬ್ಬಿಗೆ 145 ಹೇಳಿದರು. ಉಚಿತವೂ ಇಲ್ಲ, ನಕ್ಷತ್ರವೂ ಇಲ್ಲ. 240 ಎಂಬ ಎಂಆರ್‌ಪಿಯನ್ನು ಪಕ್ಕದಲ್ಲಿಟ್ಟು ನೋಡಿದ್ದರಿಂದಲೇ 160 ನಮಗೆ ಅಗ್ಗವಾಗಿ ಕಂಡಿತ್ತು. ಸಗಟು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ: ದರದಲ್ಲಿ ಜಿಎಸ್‌ಟಿ ಸೇರಿದೆಯೆ, ಸಾಗಾಟ ಯಾರದು, ಸೊಟ್ಟಗಾದದ್ದನ್ನು ಬದಲಾಯಿಸುತ್ತಾರೆಯೆ, ಉಳಿದದ್ದನ್ನು ವಾಪಸ್ ತಗೊಳ್ಳುತ್ತಾರೆಯೆ. ಉತ್ತರಗಳನ್ನು ಅಲ್ಲೇ ವಾಟ್ಸಾಪಿನಲ್ಲಿ ಅವರಿಂದಲೇ ಬರೆಸಿಕೊಂಡುಬಿಡಿ. ‘ಎಸ್ಟಿಮೇಟ್’ ಎಂದು ಬರೆದ ಬಿಳಿ ಚೀಟಿ ಕೈಗಿಟ್ಟರೆ ಒಪ್ಪಬೇಡಿ. ಬಿಲ್ಲು ಕೊಡದಿರುವುದೂ ಈಗಿನ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ.

ಜಗಳ ಬಗೆಹರಿಯದಿದ್ದರೆ ಮೊದಲು 1915ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದು ತೀರ್ಪು ಕೊಡುವುದಿಲ್ಲ, ಅಂಗಡಿಯವರಿಗೆ ದೂರು ತಲುಪಿಸಿ ಉತ್ತರ ಕೇಳುತ್ತದೆ. ದೊಡ್ಡ ಅಂಗಡಿಗಳು ಅಷ್ಟಕ್ಕೇ ಬಗ್ಗುವುದುಂಟು. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು, ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಆದರೆ ಆಯೋಗದಿಂದ ಹಣ, ಪರಿಹಾರ ಸಿಗಬಹುದೇ ಹೊರತು ಮುಹೂರ್ತದ ಹೊತ್ತಿಗೆ ಡಬ್ಬಿ ಸಿಗುವುದಿಲ್ಲ. ಆದ್ದರಿಂದ ಆರ್ಡರ್ ಫಾರಂನಲ್ಲಿ ಮಾಲು ಕೊಡುವ ತಾರೀಖನ್ನು ಮದುವೆಗೆ ಹದಿನೈದು ದಿನ ಮೊದಲೇ ಬರೆಸಿ. ತಪ್ಪಿದರೆ ಅಡ್ವಾನ್ಸ್ ಪೂರ್ತಿ ವಾಪಸ್ ಎಂಬುದನ್ನು ಅದರ ಕೆಳಗಿನ ಸಾಲಿನಲ್ಲೇ ಬರೆಸಿ, ಸೀಲು ಆ ಸಾಲಿನ ಕೆಳಗೆ ಬೀಳಲಿ.