ಹೂ ಉದುರಿದರೆ ಗಾಬರಿ ಬೇಡ

ಪಂಜದ ಕಡೆ ಅಂಗಳದಂಚಿನಲ್ಲಿ ಚೀನಿಕಾಯಿ (ಸಿಹಿಗುಂಬಳ) ಬಳ್ಳಿ ಹಬ್ಬಿಸಿದವರು ಹೂ ಉದುರಿದ ಕೂಡಲೇ ಬುಡಕ್ಕೆ ಯೂರಿಯಾ ಸುರಿಯುತ್ತಾರೆ. ದಯವಿಟ್ಟು ಬೇಡ. ಸೊಕ್ಕಿದ ಬಳ್ಳಿ ಬರೀ ಎಲೆ ಬಿಡುತ್ತದೆ. ಮೊದಲು ಬರುವುದು ಗಂಡುಹೂಗಳೇ. ಅವು ಉದುರುವುದು ಸಹಜ. ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಹೊತ್ತದ್ದು ಹೆಣ್ಣುಹೂ. ಅದು ಅರಳುವುದು ಒಂದೇ ಬೆಳಗು. ಮಳೆ ಹಿಡಿದ ದಿನ ಜೇನ್ನೊಣ ಬರುವುದು ಕಡಿಮೆ. ಆಗ ಎಂಟು ಗಂಟೆಯೊಳಗೆ ಗಂಡುಹೂ ಕಿತ್ತು, ಎಸಳು ಬಿಡಿಸಿ, ಅದರ ಹಳದಿ ಹುಡಿಯನ್ನು ಹೆಣ್ಣುಹೂವಿನ ನಡುವೆ ಮೆಲ್ಲಗೆ ಸವರಿ. ಪೋಡಿ (ಬಜ್ಜಿ) ಕರಿಯಲೆಂದು ಹೂ ಕೊಯ್ಯುವವರು ನಾಲ್ಕಾದರೂ ಗಂಡುಹೂ ಬಳ್ಳಿಯಲ್ಲಿ ಉಳಿಸಿ ಮಾರಾಯ್ರೆ. ಬೆಳಗ್ಗೆ ಕೀಟನಾಶಕ ಹೊಡೆಯಲೇಬೇಡಿ, ಜೇನು ಸಾಯುತ್ತದೆ. ನೆಲಕ್ಕೆ ತಾಗಿದ ಕಾಯಿಯಡಿಗೆ ಒಣ ಅಡಿಕೆ ಸೋಗೆ ಹಾಸಿ. ಕೊಯ್ಯುವಾಗ ತೊಟ್ಟು ಉಳಿಸಿಕೊಳ್ಳಿ. ತೊಟ್ಟು ಮುರಿದ ಕಾಯಿ ಅಟ್ಟದಲ್ಲಿ ಬೇಗ ಕೊಳೆಯುತ್ತದೆ.