ಎರಡು ತಂತ್ರಾಂಶ, ಒಂದು ಕಟ್ಟಡ: ನಕ್ಷೆಗಳ ಹೊಂದಾಣಿಕೆ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಕಚೇರಿ, ಗ್ರಂಥಾಲಯ ಅಥವಾ ಸಮುದಾಯ ಭವನದಂತಹ ಕಟ್ಟಡದ ವಿನ್ಯಾಸದಲ್ಲಿ ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಪಾಲ್ಗೊಳ್ಳುವುದುಂಟು. ಕಟ್ಟಡದ ರೂಪ ಮತ್ತು ಕೊಠಡಿಗಳ ವಿನ್ಯಾಸ ಒಬ್ಬರದ್ದು. ಪಾಯ, ಕಂಬ, ತೊಲೆಗಳ ಲೆಕ್ಕ ಮತ್ತೊಬ್ಬರದ್ದು. ಇವರು ಬಳಸುವ ಗಣಕ ತಂತ್ರಾಂಶಗಳೂ ಬೇರೆ ಬೇರೆಯಾಗಿರಬಹುದು. ಆಗ ಎರಡು ಕಡತಗಳ ನಡುವೆ ಉಳಿದುಹೋದ ವ್ಯತ್ಯಾಸವು ಕಡೆಗೆ ಪಂಚಾಯತಿಯ ನಿವೇಶನದಲ್ಲಿ, ಪಂಚಾಯತಿಯ ಹಣದಲ್ಲಿ ಬೆಳಕಿಗೆ ಬರುತ್ತದೆ. ಅದನ್ನು ನಕ್ಷೆಯ ಹಂತದಲ್ಲಿಯೇ ತಡೆಯಲು ಸದಸ್ಯರು ಏನನ್ನು ಕೇಳಬೇಕು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ. ಇದಕ್ಕೆ ತಂತ್ರಾಂಶದ ಜ್ಞಾನ ಅವಶ್ಯವಲ್ಲ.

ಮೈಸೂರಿನ ಅರಮನೆಯಿಂದ ಒಂದು ನಿದರ್ಶನ

1897ರಲ್ಲಿ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಹೊಸ ಅರಮನೆಯನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿದರು. 1912ರಲ್ಲಿ ಕಟ್ಟಡ ಪೂರ್ಣಗೊಂಡಿತು. ಅದರ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸಿದ್ಧವಾದುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಾರ್ಖಾನೆಯಲ್ಲಿ. ಅಲ್ಲಿ ಎರಕ ಹೊಯ್ದ ಕಂಬವು ಇಲ್ಲಿ ಹಾಕಿದ ಪಾಯದ ಮೇಲೆ ನಿಲ್ಲಬೇಕಾದರೆ ಎರಡೂ ಕಡೆಯವರ ಅಳತೆ ಒಂದೇ ಆಗಿರಬೇಕು. ಇಬ್ಬರ ಉಪಕರಣಗಳು ಒಂದೇ ಆಗಿರಬೇಕೆಂದಿಲ್ಲ. ಇಂದಿನ ತಂತ್ರಾಂಶಗಳ ವಿಚಾರದಲ್ಲಿಯೂ ತತ್ವ ಇಷ್ಟೇ.

ಡಿಜಿಟಲ್ ಮಾದರಿ ಎಂದರೇನು?

ಹಿಂದೆ ನಕ್ಷೆ ಎಂದರೆ ಗೆರೆಗಳು ಮಾತ್ರ. ಈಗಿನ ತಂತ್ರಾಂಶಗಳಲ್ಲಿ ಗೋಡೆಯೆಂದರೆ ಉದ್ದ, ದಪ್ಪ, ಎತ್ತರ, ಸಾಮಗ್ರಿ ಇವೆಲ್ಲವನ್ನೂ ಹೊತ್ತ ಒಂದು ವಸ್ತು. ಇಂತಹ ವಸ್ತುಗಳಿಂದ ಗಣಕದಲ್ಲಿ ಕಟ್ಟಿದ ಇಡೀ ಕಟ್ಟಡವೇ ಡಿಜಿಟಲ್ ಮಾದರಿ. ರೆವಿಟ್, ಹಂಗೇರಿ ದೇಶದಲ್ಲಿ ಹುಟ್ಟಿದ ಆರ್ಕಿಕ್ಯಾಡ್, ಕಂಬ-ತೊಲೆಗಳ ಕೆಲಸಕ್ಕೆ ಬಳಕೆಯಾಗುವ ಟೆಕ್ಲಾ ಇವು ಪ್ರಚಲಿತ ತಂತ್ರಾಂಶಗಳು. ಪ್ರತಿಯೊಂದಕ್ಕೂ ತನ್ನದೇ ಕಡತದ ಸ್ವರೂಪವಿದೆ. ತಂತ್ರಾಂಶ ಒಂದೇ ಆಗಿದ್ದರೂ ತೊಡಕು ತಪ್ಪಿದ್ದಲ್ಲ: ರೆವಿಟ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವು ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ.

ತಪ್ಪು ಎಲ್ಲಿ ನುಸುಳುತ್ತದೆ?

ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಪಂಚಾಯತಿ ಕಚೇರಿಯ ನಕ್ಷೆಯಲ್ಲಿ ಪ್ಲಿಂತ್, ಅಂದರೆ ನೆಲಮಟ್ಟದಿಂದ ಕಟ್ಟಡದ ಒಳನೆಲದವರೆಗಿನ ಎತ್ತರ, 450 ಮಿ.ಮೀ. ಇದೆ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಇಳಿಜಾರು ದಾರಿ ಇರಬೇಕು. ಅದರ ಮಾನ್ಯ ಪ್ರಮಾಣ 1:12, ಅಂದರೆ 1 ಅಡಿ ಏರಲು 12 ಅಡಿ ಉದ್ದ. ಆದ್ದರಿಂದ ವಾಸ್ತುಶಿಲ್ಪ ಸಂಸ್ಥೆಯು 5.4 ಮೀಟರ್ ಉದ್ದದ ರ್‍ಯಾಂಪ್ ತೋರಿಸುತ್ತದೆ.

ಮಳೆಗಾಲದಲ್ಲಿ ನಿವೇಶನದಲ್ಲಿ ನೀರು ನಿಲ್ಲುವುದನ್ನು ಕಂಡ ಕಂಬ-ತೊಲೆಗಳ ಅಭಿಯಂತರರು ತಮ್ಮ ಮಾದರಿಯಲ್ಲಿ ಪ್ಲಿಂತನ್ನು 600 ಮಿ.ಮೀ.ಗೆ ಏರಿಸುತ್ತಾರೆ. ನಿರ್ಧಾರ ಸರಿಯಾದದ್ದೇ. ಆದರೆ ಬದಲಾವಣೆ ಅವರ ಕಡತದಲ್ಲಿಯೇ ಉಳಿಯಿತು. ಮೊದಲ ಸಂಸ್ಥೆಯ ಕಡತಕ್ಕೆ ತಲುಪಲಿಲ್ಲ. ಗುತ್ತಿಗೆದಾರರು ಪಾಯವನ್ನು ಒಂದು ನಕ್ಷೆಯಂತೆ, ರ್‍ಯಾಂಪನ್ನು ಇನ್ನೊಂದು ನಕ್ಷೆಯಂತೆ ಕಟ್ಟಿದರು. 600 ಮಿ.ಮೀ. ಎತ್ತರಕ್ಕೆ 5.4 ಮೀಟರ್ ಉದ್ದವೆಂದರೆ ಇಳಿಜಾರು 1:9 ಆಯಿತು. ಸರಿಯಾದ ಇಳಿಜಾರಿಗೆ 7.2 ಮೀಟರ್ ಬೇಕು. ಆದರೆ ಎದುರಿಗೆ ಕಾಂಪೌಂಡ್ ಗೋಡೆ ಎದ್ದಾಗಿದೆ. ಎರಡೂ ನಕ್ಷೆಗಳು ತಮ್ಮ ಮಟ್ಟಿಗೆ ಸರಿ; ಕಟ್ಟಡ ಮಾತ್ರ ತಪ್ಪು. ಪಿಂಚಣಿಯ ಅರ್ಜಿ ಹಿಡಿದು ಬಂದ ಅಂಗವಿಕಲರು ಬಾಗಿಲವರೆಗೆ ತಾವಾಗಿಯೇ ಏರಲಾರರು. ಸಾರ್ವಜನಿಕ ಕಟ್ಟಡಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ವಿಧಿಸುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಅಳತೆಯ ಮಾನವೂ ಇಂತಹದ್ದೇ ತೊಡಕು ತರಬಲ್ಲದು. 10 ಅಡಿ ಎಂದರೆ 3,048 ಮಿ.ಮೀ. ಒಬ್ಬರು ಅಡಿಯಲ್ಲಿಯೂ ಮತ್ತೊಬ್ಬರು ಅದನ್ನೇ 3,000 ಮಿ.ಮೀ. ಎಂದೂ ಬರೆದರೆ, ಸಾಲಾಗಿರುವ ಮೂರು ಕೊಠಡಿಗಳು ಮುಗಿಯುವಷ್ಟರಲ್ಲಿ 144 ಮಿ.ಮೀ. ವ್ಯತ್ಯಾಸ ಬಿದ್ದಿರುತ್ತದೆ.

ದೊಡ್ಡ ಸಂಸ್ಥೆಗಳೂ ಇದರಿಂದ ಪಾರಾಗಿಲ್ಲ. ಏರ್‌ಬಸ್ ಸಂಸ್ಥೆಯ ಎ380 ವಿಮಾನದ ವಿನ್ಯಾಸದಲ್ಲಿ ಜರ್ಮನಿಯ ಹ್ಯಾಂಬರ್ಗ್ ಮತ್ತು ಫ್ರಾನ್ಸಿನ ತುಲೂಸ್ ಘಟಕಗಳು ಒಂದೇ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು ಬಳಸಿದ್ದವು. ಜೋಡಣೆಯ ವೇಳೆ ವಿದ್ಯುತ್ ತಂತಿಗಳು ಹೊಂದಿಕೆಯಾಗಲಿಲ್ಲ. 2006ರಲ್ಲಿ ಸಂಸ್ಥೆಯು ವಿಮಾನಗಳ ಹಸ್ತಾಂತರವನ್ನು ಮುಂದೂಡಬೇಕಾಯಿತು.

ಮುಕ್ತ ಸ್ವರೂಪದ ಕಡತ

ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಲ್ಲದ ಕಾಲದಲ್ಲಿ ಕಿಲೋಗ್ರಾಂ ಮಾಡಿದ ಉಪಕಾರವನ್ನು ಕಟ್ಟಡಗಳ ಮಾದರಿಗೆ ಐಎಫ್‌ಸಿ ಎಂಬ ಮುಕ್ತ ಕಡತ ಸ್ವರೂಪ ಮಾಡುತ್ತಿದೆ. ಇದು ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. 2013ರಲ್ಲಿ ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಪ್ರಮುಖ ತಂತ್ರಾಂಶಗಳು ಈ ಸ್ವರೂಪದಲ್ಲಿ ಕಡತವನ್ನು ಕೊಡಬಲ್ಲವು, ಓದಬಲ್ಲವು. ಫ್ರೀಕ್ಯಾಡ್‌ನಂತಹ ಉಚಿತ ತಂತ್ರಾಂಶದಲ್ಲಿಯೂ ಅದನ್ನು ತೆರೆಯಬಹುದು.

ಇದಕ್ಕೂ ಮಿತಿಯಿದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಕೆಲವು ವಿವರಗಳು ಬಿಟ್ಟುಹೋಗಬಹುದು. ಆದ್ದರಿಂದ ಬಂದ ಕಡತವನ್ನು ನೋಡಿ ಹೋಲಿಸಲು ಮಾತ್ರ ಬಳಸಬೇಕು, ಅದನ್ನೇ ತಿದ್ದಬಾರದು. ತಿದ್ದುಪಡಿ ಬೇಕಾದಲ್ಲಿ ಮೂಲ ಸಂಸ್ಥೆಯೇ ತನ್ನ ಮಾದರಿಯಲ್ಲಿ ಮಾಡಿ ಮತ್ತೆ ಕಳುಹಿಸಬೇಕು. ಕಂಬದ ಹೊಣೆ ಯಾರದ್ದೋ ಕಂಬವನ್ನು ಸರಿಸುವ ಅಧಿಕಾರವೂ ಅವರದ್ದೇ.

ಕರಾರಿನಲ್ಲಿ ಇರಬೇಕಾದ ಅಂಶಗಳು

ವಿನ್ಯಾಸ ಸಂಸ್ಥೆಗಳೊಂದಿಗೆ ಕರಾರು ಮಾಡಿಕೊಳ್ಳುವ ಮೊದಲೇ ಕೆಳಕಂಡ ಅಂಶಗಳನ್ನು ಸೇರಿಸುವಂತೆ ಸದಸ್ಯರು ಸಭೆಯಲ್ಲಿ ಸೂಚಿಸಬಹುದು:

1. ಅಳತೆಯ ಮಾನ ಒಂದೇ ಇರಬೇಕು. ಎತ್ತರಗಳ ಲೆಕ್ಕ ಆರಂಭವಾಗುವ ಸೊನ್ನೆಯ ಮಟ್ಟವನ್ನು ನಿವೇಶನದಲ್ಲಿಯೇ ಅಲುಗಾಡದ ಒಂದು ಕಲ್ಲಿನ ಮೇಲೆ ಗುರುತಿಸಿ, ಎಲ್ಲ ನಕ್ಷೆಗಳಲ್ಲಿಯೂ ನಮೂದಿಸಬೇಕು.

2. ಗೋಡೆ, ಕಂಬ, ಮೆಟ್ಟಿಲು, ನೀರಿನ ಕೊಳವೆ, ವಿದ್ಯುತ್ ಮಾರ್ಗ ಇವುಗಳಲ್ಲಿ ಯಾವುದು ಯಾರ ಹೊಣೆ ಎಂಬ ಪಟ್ಟಿ ಇರಬೇಕು.

3. ಕಡತ ವಿನಿಮಯದ ಸ್ವರೂಪ, ಆವೃತ್ತಿ ಮತ್ತು ದಿನ ನಿಗದಿಯಾಗಬೇಕು. ಪೂರ್ಣ ಕೆಲಸಕ್ಕೆ ಮುನ್ನ ಒಂದು ಕೊಠಡಿ, ಒಂದು ಕಂಬ, ಒಂದು ಕಿಟಕಿಯಷ್ಟೇ ಇರುವ ಸಣ್ಣ ಕಡತವನ್ನು ಪರಸ್ಪರ ಕಳುಹಿಸಿ ಪರೀಕ್ಷಿಸಬೇಕು.

4. ಪ್ರತಿ ಬದಲಾವಣೆಗೂ ಕ್ರಮಸಂಖ್ಯೆ, ದಿನಾಂಕ ಮತ್ತು ಕಾರಣ ಬರೆದಿಡಬೇಕು. ಇನ್ನೊಂದು ಸಂಸ್ಥೆಯು ಅದನ್ನು ಕಂಡಿದ್ದಕ್ಕೆ ಸಹಿ ಮಾಡಬೇಕು.

5. ಅಂದಾಜು ಪಟ್ಟಿ ಅಂತಿಮವಾಗುವ ಮುನ್ನ ಎರಡೂ ಮಾದರಿಗಳನ್ನು ಒಂದರ ಮೇಲೊಂದಿಟ್ಟು ಪರಿಶೀಲಿಸಿದ ವರದಿ ಕಡತದಲ್ಲಿರಬೇಕು.

6. ಕಾಮಗಾರಿ ಮುಗಿದ ಮೇಲೆ, ನಿಜವಾಗಿ ಕಟ್ಟಿದಂತೆ ತಿದ್ದಿದ ನಕ್ಷೆಗಳ ಸಹಿಯಾದ ಪಿಡಿಎಫ್ ಪ್ರತಿ, ಮುಕ್ತ ಸ್ವರೂಪದ ಕಡತ ಹಾಗೂ ಮೂಲ ಕಡತ ಮೂರೂ ಪಂಚಾಯತಿಗೆ ಹಸ್ತಾಂತರವಾಗಬೇಕು.

ಆರನೆಯ ಅಂಶವನ್ನು ಕಡೆಗಣಿಸಬಾರದು. ಹತ್ತಾರು ವರ್ಷಗಳ ಬಳಿಕ ಮಾಳಿಗೆ ಸೋರಿದಾಗ ಅಥವಾ ಮೇಲೊಂದು ಅಂತಸ್ತು ಕಟ್ಟಬೇಕಾದಾಗ, ಕಂಬಗಳಲ್ಲಿ ಎಷ್ಟು ಕಬ್ಬಿಣವಿದೆ ಎಂಬ ಪ್ರಶ್ನೆ ಬರುತ್ತದೆ. ಆಗ ವಿನ್ಯಾಸ ಮಾಡಿದ ಸಂಸ್ಥೆ ಇರಬಹುದು, ಇಲ್ಲದಿರಬಹುದು. ಕಟ್ಟಡ ಪಂಚಾಯತಿಯದ್ದಾದ ಮೇಲೆ ಅದರ ದಾಖಲೆಯೂ ಪಂಚಾಯತಿಯ ಬಳಿ ಇರತಕ್ಕದ್ದು.

ಸದಸ್ಯರ ಹೊಣೆ ಮತ್ತು ಮಿತಿ

ವಿನ್ಯಾಸದ ತಾಂತ್ರಿಕ ಮಂಜೂರಾತಿ ಸಕ್ಷಮ ಅಭಿಯಂತರರಿಗೆ ಸೇರಿದ ವಿಷಯ. ಕಂಬದ ಗಾತ್ರವನ್ನು ಸದಸ್ಯರು ನಿರ್ಧರಿಸತಕ್ಕದ್ದಲ್ಲ. ಇಂತಹುದೇ ತಂತ್ರಾಂಶ ಬಳಸಿ ಎಂದು ಒತ್ತಾಯಿಸುವುದೂ ಸಲ್ಲದು. ಚರಂಡಿ ಅಥವಾ ಒಂದೇ ಕೊಠಡಿಯ ಕಾಮಗಾರಿಗೆ ಡಿಜಿಟಲ್ ಮಾದರಿಯ ಅಗತ್ಯವೂ ಇಲ್ಲ. ಆದರೆ ಕೈಯಲ್ಲಿ ಬರೆದ ಎರಡು ನಕ್ಷೆಗಳಿದ್ದರೂ ಒಂದು ಪ್ರಶ್ನೆಯನ್ನು ಕೇಳುವ ಹಕ್ಕು ಪ್ರತಿ ಸದಸ್ಯರಿಗೂ ಇದೆ: ಈ ಎರಡನ್ನೂ ಹೋಲಿಸಿ ನೋಡಿದವರು ಯಾರು, ಯಾವ ದಿನ? ಇದಕ್ಕೆ ಹೆಸರು ಮತ್ತು ದಿನಾಂಕದ ಉತ್ತರ ದೊರೆಯುವವರೆಗೆ ಕಾರ್ಯಾದೇಶಕ್ಕೆ ಅವಸರಪಡದಿರುವುದು ಲೇಸು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಪಂಚಾಯತಿಯ ಈಗಿನ ಕಚೇರಿ ಕಟ್ಟಡದ ಕಂಬ-ತೊಲೆಗಳ ನಕ್ಷೆ ಕಚೇರಿಯಲ್ಲಿ ಲಭ್ಯವಿದೆಯೇ?

2. ಅದರ ರ್‍ಯಾಂಪಿನ ಎತ್ತರ ಮತ್ತು ಉದ್ದವನ್ನು ಟೇಪು ಹಿಡಿದು ಅಳೆಯಿರಿ. ಉದ್ದವು ಎತ್ತರದ 12 ಪಟ್ಟು ಇದೆಯೇ?

3. ಇಲ್ಲದಿದ್ದಲ್ಲಿ, ಮೇಲಿನ ಆರು ಅಂಶಗಳಲ್ಲಿ ಯಾವುದನ್ನು ಪಾಲಿಸಿದ್ದರೆ ಅದನ್ನು ತಡೆಯಬಹುದಾಗಿತ್ತು?